ವಾಲಿಸಿಟ್ಟ ಡ್ರಮ್ಮುಗಳು

ನನ್ನ ಗಾಡಿಯಲ್ಲಿ ಒಂದು ನಿಯಮವಿತ್ತು. ಒಂದು ಡ್ರಮ್ಮಿನದನ್ನು ಇನ್ನೊಂದು ಡ್ರಮ್ಮಿಗೆ ಸುರಿಯುವ ಕೆಲಸವೇ ಇಲ್ಲ. ತಳದಲ್ಲಿ ನಾಲ್ಕೈದು ಗ್ಯಾಲನ್ ಉಳಿದರೂ ಸರಿ, ಬಿರಡೆ ಹಾಕಿ ಶೆಡ್ಡಿನ ಹಿಂದಕ್ಕೆ ತಳ್ಳಿ ಹೊಸದನ್ನು ತೆರೆಯಬೇಕು. ಹನ್ನೆರಡು ವರ್ಷ ಹೀಗೇ ನಡೆಸಿದೆ. ಯಾಕೆ ಎಂದು ಯಾರಾದರೂ ಕೇಳಿದರೆ "ನನ್ನ ಗಾಡಿ, ನನ್ನ ಇಷ್ಟ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ನಿಜವಾದ ಕಾರಣ ಹೇಳುವಷ್ಟು ಧೈರ್ಯ ನನಗಿರಲಿಲ್ಲ.

ನಾನು ಕ್ಲೋವಿಸ್ ಡೈಗ್ಲ್, ಗೋಡೆಗೆ ಫೋಮ್ ಹೊಡೆಯುವವನು. ಕೆಂಪು ಡ್ರಮ್ಮಿನ ದ್ರವ, ನೀಲಿ ಡ್ರಮ್ಮಿನ ದ್ರವ, ಎರಡೂ ಬಿಸಿ ಪೈಪುಗಳಲ್ಲಿ ಬಂದು ಗನ್ನಿನ ಮೂತಿಯಲ್ಲಿ ಸಮಸಮ ಬೆರೆಯುತ್ತವೆ, ಗೋಡೆಗೆ ಬಿದ್ದೊಡನೆ ನೊರೆಯಾಗಿ ಉಬ್ಬುತ್ತವೆ, ಹತ್ತು ಎಣಿಸುವುದರೊಳಗೆ ಗಟ್ಟಿಯಾಗುತ್ತವೆ. ಅಲ್ಲಿಂದ ಮುಂದೆ ಚಳಿ ಆ ಕಡೆ, ನಾವು ಈ ಕಡೆ. ಮೇಯ್ನ್ ರಾಜ್ಯದ ಈ ತುತ್ತತುದಿಯಲ್ಲಿ, ಹೊಳೆ ದಾಟಿದರೆ ಕೆನಡಾ ಎನ್ನುವಂಥ ಜಾಗದಲ್ಲಿ, ನಾನು ಮನುಷ್ಯರ ಮನೆಗಿಂತ ಹೆಚ್ಚಾಗಿ ಆಲೂಗಡ್ಡೆ ಕೂಡಿಡುವ ಮನೆಗಳಿಗೇ ಫೋಮ್ ಹೊಡೆದಿದ್ದೇನೆ. ಮನುಷ್ಯನಾದರೆ ಇನ್ನೊಂದು ಕಂಬಳಿ ಹೊದೆಯುತ್ತಾನೆ. ಗಡ್ಡೆ ಒಮ್ಮೆ ಹೆಪ್ಪುಗಟ್ಟಿತೆಂದರೆ ಕರಗಿ ಕೊಳೆಯುವುದೊಂದೇ ದಾರಿ.

ಗಾಡಿಯಲ್ಲಿ ನನ್ನ ಜೊತೆಗಿರುವವಳು ಒಡೆಟ್, ನನ್ನ ಅಣ್ಣ ಏಡ್ರಿಯನ್‌ನ ಮಗಳು. ನಲವತ್ತೊಂದು ವಯಸ್ಸು. ಎರಡು ವರ್ಷದ ಹಿಂದಿನವರೆಗೆ ಕಾರ್ಖಾನೆಯಲ್ಲಿ ಕೊಳೆತ ಗಡ್ಡೆ ಆರಿಸುತ್ತಿದ್ದಳು. ಬಾಯಿ ನನ್ನದಕ್ಕಿಂತ ಜೋರು, ಕೈ ನನ್ನದಕ್ಕಿಂತ ಅಚ್ಚುಕಟ್ಟು. ಮೊದಲನೆಯದನ್ನು ನಾನು ಮೊದಲ ದಿನವೇ ಒಪ್ಪಿಕೊಂಡೆ, ಎರಡನೆಯದಕ್ಕೆ ಸ್ವಲ್ಪ ಕಾಲ ಹಿಡಿಯಿತು.

ಅಕ್ಟೋಬರ್‌ನ ಒಂದು ಮಂಗಳವಾರ ಬೆಳಿಗ್ಗೆ ಲೊರೆಟ್ ಫೋನ್ ಮಾಡಿದಳು. ಲೊರೆಟ್ ನನ್ನ ಜೊತೆ ಶಾಲೆಗೆ ಬಂದವಳು. ಅವಳ ಗಂಡ ರೆಮಿ ನನ್ನ ಗೆಳೆಯ. ಫೆಬ್ರವರಿಯಲ್ಲಿ ಅವನು ತೀರಿಹೋದ. ಈ ವರ್ಷದ ಬೆಳೆಯನ್ನು ಅವಳೊಬ್ಬಳೇ ನಿಂತು ಬೆಳೆದಿದ್ದಳು.

"ಕ್ಲೋವಿಸ್, ಉತ್ತರದ ಗೋಡೆ ಬಿದ್ದೋಯ್ತು ಕಣೋ."

"ಗೋಡೆ ಬಿತ್ತಾ?"

"ಗೋಡೆ ಅಲ್ವೋ, ನಿನ್ನ ಫೋಮು. ಹಾಳೆ ಹಾಳೆಯಾಗಿ ಕಿತ್ಕೊಂಡ್ ಬಂದಿದೆ. ಬಾ ಬೇಗ."

ಗುಡ್ಡದ ಮಗ್ಗುಲಿಗೆ ಅರ್ಧ ಹೂತು ಕಟ್ಟಿದ ಆ ಆಲೂಗಡ್ಡೆ ಮನೆಯ ಒಳಗೆ ಒಡೆಟ್ ಮತ್ತು ನಾನು ಕಾಲಿಟ್ಟೆವು. ಮೂರು ಗೋಡೆ ಗಟ್ಟಿಮುಟ್ಟಾಗಿ ನಿಂತಿದ್ದವು. ಉತ್ತರದ ಗೋಡೆಯಲ್ಲಿ ನಲವತ್ತಡಿ ಉದ್ದಕ್ಕೂ ಫೋಮು ಜೋತುಬಿದ್ದಿತ್ತು. ಹಿಂದಿನ ಹಲಗೆ ಬೆವತು ಕರ್ರಗಾಗಿ ಬೂಷ್ಟು ಹಿಡಿದಿತ್ತು. ಕಿತ್ತುಬಿದ್ದ ಒಂದು ತುಂಡನ್ನು ಒಡೆಟ್ ಎತ್ತಿ ನೋಡಿದಳು.

"ಇದೇನ್ ಚಿಕ್ಕಪ್ಪ, ಒಂದಿಂಚೂ ಇಲ್ಲ? ಯಾವ ಪುಣ್ಯಾತ್ಮ ಹೊಡೆದಿದ್ದು?"

ಆ ಪುಣ್ಯಾತ್ಮ ನಾನೇ. ಹನ್ನೆರಡು ವರ್ಷದ ಹಿಂದೆ ಮೂರು ಗೋಡೆ ಮುಗಿಸಿ, ಉತ್ತರದ್ದಕ್ಕೆಂದು ಎರಡು ಡ್ರಮ್ಮಿನ ಉಳಿಕೆಯನ್ನು ಒಂದಕ್ಕೆ ಸೇರಿಸಲು ಹೊರಟಿದ್ದೆ. ಹಾಕಿ ಪಂದ್ಯದ ಬಗ್ಗೆ ರೆಮಿಯ ಹತ್ತಿರ ಬಡಾಯಿ ಕೊಚ್ಚಿದ ಗುಂಗಿನಲ್ಲೇ, ಕೆಂಪು ಪಂಪಿನ ಪೈಪನ್ನು ಅರ್ಧ ತುಂಬಿದ ನೀಲಿ ಡ್ರಮ್ಮಿಗೆ ಇಳಿಬಿಟ್ಟು ಒತ್ತಿದೆ. ರೆಮಿ ಕಾಫಿ ತರಲು ಆಗಷ್ಟೇ ಆಚೆ ಹೋಗಿದ್ದ. ಡ್ರಮ್ಮಿನ ಬಾಯಿಂದ ಹಳದಿ ನೊರೆ ಉಕ್ಕಿ ಬಂತು, ನಿಂತಲ್ಲೇ ಕಲ್ಲಾಯಿತು. ಪೈಪು ಅದರೊಳಗೇ ಸಮಾಧಿ. ನಮ್ಮ ಕಸುಬಿನಲ್ಲಿ ಇದಕ್ಕಿಂತ ಮುಟ್ಠಾಳ ತಪ್ಪು ಇನ್ನೊಂದಿಲ್ಲ. ಅವನು ಬರುವುದರೊಳಗೆ ಅದರ ಮೇಲೆ ತಾಡಪಾಲು ಹೊದಿಸಿದ್ದೆ. ಉಳಿದ ಚೂರುಪಾರು ಸಾಮಗ್ರಿಯನ್ನೇ ಗೋಡೆಗೆ ತೆಳ್ಳಗೆ ಸವರಿ, "ಮೂರಿಂಚು ಕಣೋ, ಮೊಮ್ಮಕ್ಕಳ ಕಾಲಕ್ಕೂ ಇರತ್ತೆ" ಎಂದಿದ್ದೆ. ಆಮೇಲೆ ಬಂದು ಸರಿಮಾಡುತ್ತೇನೆ ಎಂದುಕೊಂಡಿದ್ದೆ. ಆ ಆಮೇಲೆ ಬರಲೇ ಇಲ್ಲ. ಪ್ರತಿ ಭಾನುವಾರ ಅವನ ಎದುರು ಕುಳಿತು ಇಸ್ಪೀಟು ಆಡುತ್ತಿದ್ದೆ, ಆದರೂ ಬಾಯಿ ಬಿಡಲಿಲ್ಲ.

ಕಲ್ಲಾದ ಆ ಡ್ರಮ್ಮು ಇನ್ನೂ ನನ್ನ ಶೆಡ್ಡಿನ ಹಿಂದಿದೆ. ಕಥೆ ಗೊತ್ತಿಲ್ಲದ ಒಡೆಟ್ ಅದಕ್ಕೆ ಚಿಕ್ಕಪ್ಪನ ಪ್ರತಿಮೆ ಎಂದು ಹೆಸರಿಟ್ಟಿದ್ದಾಳೆ.

ಲೊರೆಟ್ ಕೈಕಟ್ಟಿ ನಿಂತಿದ್ದಳು. ಅಗೆದ ಗಡ್ಡೆಯೆಲ್ಲ ಹೊರಗೆ ಲಾರಿಗಳಲ್ಲಿ, ತೊಟ್ಟಿಗಳಲ್ಲಿ ತುಂಬಿ ನಿಂತಿತ್ತು. "ಶುಕ್ರವಾರ ಬೆಳಗಿನ ಜಾವ ಹದಿನೆಂಟು ಡಿಗ್ರಿಗೆ ಇಳಿಯತ್ತಂತೆ," ಎಂದಳು. ನಮ್ಮಲ್ಲಿ ಮೂವತ್ತೆರಡಕ್ಕೇ ನೀರು ಹೆಪ್ಪುಗಟ್ಟುತ್ತದೆ. "ಗುರುವಾರ ಸಂಜೆ ಒಳಗೆ ಎಲ್ಲಾ ಈ ಸೂರಿನ ಕೆಳಗೆ ಬರ್ಬೇಕು."

"ಬೇರೆಯವರ ಮನೇಲಿ ಒಂದು ವಾರ ಇಟ್ಕೊಂಡ್ರೆ?" ಎಂದಳು ಒಡೆಟ್.

"ಬೀಜದ ಗಡ್ಡೆ ಕಣಮ್ಮ ಇದು. ಬೇರೆಯವರ ಗಡ್ಡೆ ಪಕ್ಕ ಇಟ್ಟೆ ಅಂದ್ರೆ ರೋಗ ಅಂಟಿರತ್ತೆ ಅಂತ ಬೀಜಕ್ಕೆ ಯಾರೂ ತಗೊಳ್ಳಲ್ಲ. ರೆಮಿ ಮೂವತ್ತು ವರ್ಷ ಕಾಪಾಡ್ಕೊಂಡ್ ಬಂದ ತಳಿ. ಮೊದಲನೇ ವರ್ಷಕ್ಕೇ ನಾನು ಕಳ್ಕೊಂಡ್ರೆ..."

"ನಾಳೆ ಹೊಡೀತೀವಿ. ಒಂದು ದಿನ ಗಾಳಿಯಾಡ್ಲಿ. ಗುರುವಾರ ಮಧ್ಯಾಹ್ನ ತುಂಬಿಸ್ಕೋ," ಎಂದೆ. ಆ ಹಗಲೆಲ್ಲ ಮೂವರೂ ಸೇರಿ ಹಳೆಯದನ್ನು ಕಿತ್ತು, ಹಲಗೆ ಉಜ್ಜಿ, ಹೀಟರ್ ಹಚ್ಚಿ ಒಣಗಿಸಿದೆವು.

ನನ್ನ ಹತ್ತಿರ ಹೊಸ ಡ್ರಮ್ಮು ಒಂದೂ ಇರಲಿಲ್ಲ. ಅವು ಅಂದು ಸಂಜೆ ದಕ್ಷಿಣದಿಂದ ಬರಬೇಕಿತ್ತು. ಸಂಜೆ ಬಂದದ್ದು ಬರೀ ಸುದ್ದಿ.

"ಚಿಕ್ಕಪ್ಪಾ, ಲಾರಿಗೂ ಮೂಸಿಗೂ ಡಿಕ್ಕಿಯಂತೆ," ಎಂದಳು ಒಡೆಟ್ ಫೋನು ಇಡುತ್ತಾ. ಮೂಸ್ ಎಂದರೆ ಕುದುರೆಗಿಂತ ಎತ್ತರದ ನಮ್ಮ ಕಾಡಿನ ಜಿಂಕೆ. ರಸ್ತೆ ತನ್ನದೇ ಎಂದು ತಿಳಿದಿರುವ ಪ್ರಾಣಿ.

"ಯಾರಿಗೇನಾಯ್ತು?"

"ಡ್ರೈವರಿಗೆ ಏನೂ ಆಗಿಲ್ಲ. ಮೂಸು ಎದ್ದು ಮೈ ಕೊಡವಿಕೊಂಡು ಹೋಯ್ತಂತೆ. ಲಾರಿ ಮಾತ್ರ ಏಳ್ತಾ ಇಲ್ಲ. ಸರಕು ಇನ್ನು ಸೋಮವಾರಾನೇ."

ನಾನು ಮೂಸಿನ ವಂಶವನ್ನೆಲ್ಲ ಬೈದೆ. ಅವಳು ನನ್ನ ಉಸಿರು ಮುಗಿಯುವವರೆಗೆ ಕಾದು, ಮೆಲ್ಲಗೆ ಹೇಳಿದಳು: "ಶೆಡ್ಡಲ್ಲಿ ಹನ್ನೆರಡು ಡ್ರಮ್ ಇದಾವಲ್ಲ. ಆರು ಕೆಂಪು, ಆರು ನೀಲಿ."

"ಅದು ಕಸ."

"ಕಸ ಅಲ್ಲ. ಎಲ್ಲಾ ಈ ಬೇಸಿಗೇದೇ, ಒಂದೇ ನಮೂನೆದು. ನೀನು ಹಿಂದಕ್ಕೆ ತಳ್ಳಿದ್ದನ್ನೆಲ್ಲ ಬಿಗಿಯಾಗಿ ಮುಚ್ಚಿ ಒಳಗೆ ಬೆಚ್ಚಗಿರೋ ಕಡೆ ತಂದಿಟ್ಟಿದೀನಿ. ಮುಚ್ಚಳದ ಮೇಲೆ ತಾರೀಕೂ ಬರ್ದಿದೀನಿ. ಒಂದೊಂದ್ರಲ್ಲಿ ನಾಲ್ಕೂವರೆ ಗ್ಯಾಲನ್ ಅಂತಿಟ್ಕೋ. ಆ ಗೋಡೆಗೆ ಕೆಂಪು ಇಪ್ಪತ್ತೇಳು, ನೀಲಿ ಇಪ್ಪತ್ತೇಳು ಸಾಕು. ಸೇರ್ಸಿದ್ರೆ ಸರಿಯಾಗತ್ತೆ."

"ನಿನಗೆ ಯಾರು ಹೇಳಿದ್ರು ಇದನ್ನೆಲ್ಲ ಮಾಡೋಕೆ?"

"ಯಾರೂ ಹೇಳ್ಲಿಲ್ಲ. ಹೇಳೋರು ಯಾರಾದ್ರೂ ಇದ್ರೆ ನೀನು ಅವ್ರನ್ನೂ ಬೈತಿದ್ದೆ."

ಬೇರೆ ಯಾವ ಗೋಡೆಯಾಗಿದ್ದರೂ ನಾನು ಒಪ್ಪುತ್ತಿರಲಿಲ್ಲ. ಇದು ಆ ಗೋಡೆ. ನಾನು ಕುರ್ಚಿಯಲ್ಲಿ ಕುಳಿತು ನನ್ನ ಕೈಗಳನ್ನು ನೋಡಿಕೊಂಡೆ. ನಿಜ ಹೇಳುತ್ತೇನೆ, ನನಗೆ ಹೆದರಿಕೆಯಾಗಿತ್ತು.

"ಪೈಪು ಅದಲುಬದಲಾದ್ರೆ?" ಎಂದೆ.

"ಹೇಗಾಗತ್ತೆ? ಕೆಂಪು ತೆರೆದಿರೋವಾಗ ನೀಲಿ ಆ ಸೂರಿನ ಕೆಳಗೇ ಇರ್ಬಾರ್ದು. ಕೆಂಪು ಎಲ್ಲಾ ಶೆಡ್ಡಲ್ಲಿ, ನೀಲಿ ಎಲ್ಲಾ ಅಂಗಳದಾಚೆ ಗ್ಯಾರೇಜಲ್ಲಿ. ಮೊದಲು ಕೆಂಪು ಪೂರ್ತಿ ಮುಗಿಸಿ, ಬಿರಡೆ ಬಿಗಿದು, ಪಂಪು ತೊಳೆದು ಎತ್ತಿಟ್ಟು, ಕೈಗವಸು ಬಿಸಾಕಿ, ಆಮೇಲೆ ನೀಲಿ. ನೀನು ಕೆಂಪಿನ ಪಂಪು ಮಾತ್ರ ಮುಟ್ಟು. ನಾನು ನೀಲೀದು ಮಾತ್ರ."

ಇಷ್ಟೇ. ಹನ್ನೆರಡು ವರ್ಷ ನನ್ನ ತಲೆಗೆ ಹೊಳೆಯದೆ ಇದ್ದದ್ದು ಇಷ್ಟೇ. ಎರಡು ಬೇರೆ ಬೇರೆ ಜಾಗ, ಒಂದಾದ ಮೇಲೆ ಒಂದು.

ಬುಧವಾರ ಬೆಳಿಗ್ಗೆ ಆರಕ್ಕೆ ಶುರುಮಾಡಿದೆವು. ಮುಖವಾಡ ಹಾಕಿ, ಶೆಡ್ಡಿನ ಬಾಗಿಲು ತೆರೆದಿಟ್ಟೆವು. ಒಡೆಟ್ ಡ್ರಮ್ಮುಗಳ ಸೊಂಟಕ್ಕೆ ಬಿಸಿಪಟ್ಟಿ ಸುತ್ತಿದ್ದಳು; ಚಳಿಗೆ ದಪ್ಪಗಾದ ದ್ರವ ಬೆಚ್ಚಗಾದರೆ ಸಲೀಸಾಗಿ ಏರುತ್ತದೆ. ಕೆಂಪು ದ್ರವಕ್ಕೆ ತೇವ ಆಗದು. ಗಾಳಿಯ ತೇವ ತಾಗಿದರೂ ಕೆನೆಗಟ್ಟುತ್ತದೆ, ಆ ಕೆನೆಯ ಚೂರು ಗನ್ನಿಗೆ ಹೋಯಿತೆಂದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಪಂಪು ಎಳೆಯುವಾಗ ಡ್ರಮ್ಮಿನ ಚಿಕ್ಕ ಬಾಯಿಗೆ ತೇವ ಹೀರುವ ಡಬ್ಬಿ ಸಿಕ್ಕಿಸುತ್ತೇವೆ. ಅದರೊಳಗಿನ ನೀಲಿ ಮಣಿಗಳು ತೇವ ಕುಡಿದಷ್ಟೂ ಗುಲಾಬಿಯಾಗುತ್ತವೆ. ನನ್ನ ಕಣ್ಣು ಆ ಮಣಿಗಳ ಮೇಲೇ ಇತ್ತು. ಒಂದು, ಎರಡು, ಮೂರು ಡ್ರಮ್ಮು. ದ್ರವ ಜೇನಿನ ಹಾಗೆ ಒಂದೇ ಖಾಲಿ ಡ್ರಮ್ಮಿಗೆ ಇಳಿಯಿತು. ಶಿಳ್ಳೆ ಹಾಕುವಷ್ಟು ಧೈರ್ಯ ಬಂತು.

ಆರನೆಯದರ ಬಿರಡೆಗೆ ಸ್ಪ್ಯಾನರು ಹಚ್ಚಿದರೆ, ತಿರುಗಿಸುವ ಮೊದಲೇ ಅದು ಕೈಯಲ್ಲಿ ಬಂತು. ಟಾರ್ಚು ಬಿಟ್ಟು ನೋಡಿದೆ. ಒಳಗೆಲ್ಲ ದಪ್ಪ ಕೆನೆ, ಅದರಡಿ ಮರಳು ಮರಳಾದ ರಾಡಿ.

ಮುಚ್ಚಳದ ಮೇಲೆ ತಾರೀಕು ಜುಲೈ ಒಂಬತ್ತು ಎಂದಿತ್ತು. ಆ ದಿನ ಒಡೆಟ್ ರಜೆಯಲ್ಲಿದ್ದಳು. ಆಮೇಲೆ ಬಂದು, ಬಿರಡೆ ಬಿಗಿದಿದೆ ಎಂದು ನಂಬಿ ತಾರೀಕು ಬರೆದಿದ್ದಳು. ಬಿರಡೆಯನ್ನು ಬರಿಗೈಯಲ್ಲಿ ತಿರುವಿ ಬಿಟ್ಟವನು ನಾನು. ಕಸ ಎಂದುಕೊಂಡದ್ದಕ್ಕೆ ಸ್ಪ್ಯಾನರು ಯಾರು ಹಿಡಿಯುತ್ತಾರೆ?

"ನಾಲ್ಕು ಗ್ಯಾಲನ್ ಕಮ್ಮಿ," ಎಂದಳು ಕೋಲು ಇಳಿಸಿ ಅಳೆದು. ಬೆರಳೆಣಿಸಿ ಲೆಕ್ಕ ಹಾಕಿ ಸೇರಿಸಿದಳು: "ಕೊನೇ ಹದಿನೈದಡಿ ಮೂರಿಂಚಿನ ಬದ್ಲು ಒಂದೂವರೆ ಹೊಡೆದ್ರೆ ಹೊಂದತ್ತೆ. ಸೋಮವಾರ ಬಂದು ಸರಿಮಾಡೋಣ."

"ಬೇಡ!" ನನ್ನ ಕೂಗಿಗೆ ಅವಳು ಬೆಚ್ಚಿಬಿದ್ದಳು. "ಸೋಮವಾರ ಬರಲ್ಲ. ಗಡ್ಡೆ ತುಂಬಿದ ಮೇಲೆ ಆ ಗೋಡೆ ಕಾಣೋದೂ ಇಲ್ಲ. ಆಮೇಲೆ ಅನ್ನೋದು ಬರಲ್ಲ ಒಡೆಟ್, ನಂಗೊತ್ತು."

"ಯಾಕೆ ಹಾಗೆ ಕಿರುಚ್ತೀಯಾ? ಏನಾಯ್ತು ನಿಂಗೆ?"

ಮುಖವಾಡ ತೆಗೆದು, ಹೊರಗೆ ಬಂದು, ಶೆಡ್ಡಿನ ಹಿಂದಿದ್ದ ಪ್ರತಿಮೆಯ ಎದುರು ನಿಂತು ಅವಳಿಗೆ ಎಲ್ಲಾ ಹೇಳಿದೆ. ಇಸ್ಪೀಟಿನ ಭಾನುವಾರಗಳನ್ನೂ ಬಿಡಲಿಲ್ಲ. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ, ಡ್ರಮ್ಮಿನ ಮೇಲೆ ಬೆಳೆದ ಪಾಚಿ ನೋಡುತ್ತಿದ್ದೆ.

ಅವಳು ಆ ಡ್ರಮ್ಮನ್ನು ಬೆರಳಿನಿಂದ ಒಮ್ಮೆ ತಟ್ಟಿ ನೋಡಿದಳು. ಆಮೇಲೆ, "ಸರಿ. ಪಂಪು ಎಳೆದಾದ್ಮೇಲೆ ತಳದಲ್ಲಿ ಎಷ್ಟು ಉಳಿಯತ್ತೆ?" ಎಂದಳು.

"ಪಂಪಿನ ಕೊಳವೆ ತಳ ಮುಟ್ಟಲ್ಲ. ಮುಕ್ಕಾಲು ಗ್ಯಾಲನ್ ಇರ್ಬಹುದು. ಅದು ಎಲ್ರಿಗೂ ಉಳಿಯೋದೇ."

"ಐದು ಡ್ರಮ್ಮು. ಈಗ ಗಾಡೀಲಿ ಯಂತ್ರಕ್ಕೆ ಹಚ್ಚಿರೋ ಕೆಂಪಿನ ತಳ ಒಂದು. ಆರು ಮುಕ್ಕಾಲು ಅಂದ್ರೆ ನಾಲ್ಕೂವರೆ," ಎಂದು ನನ್ನ ಮುಖ ನೋಡಿದಳು. "ವಾಲಿಸೋಣ."

ಐವತ್ತೈದು ಗ್ಯಾಲನ್ನಿನ ಉಕ್ಕಿನ ಡ್ರಮ್ಮನ್ನು ಬಗ್ಗಿಸಿ ನಿಲ್ಲಿಸುವುದು ಹೇಗೆ ಎಂದು ನಾನು ಕೇಳುವುದರೊಳಗೆ ಅವಳು ಅದರ ಅಂಚು ಹಿಡಿದು, ಮೊಣಕಾಲು ಕೊಟ್ಟು, ಒಂದೇ ಏಟಿಗೆ ಓರೆ ಮಾಡಿ ನಿಲ್ಲಿಸಿದ್ದಳು. ನಮ್ಮ ಕಡೆ ಸುಗ್ಗಿ ಬಂತೆಂದರೆ ಶಾಲೆಗೆ ಮೂರು ವಾರ ರಜೆ. ಮಕ್ಕಳೆಲ್ಲ ಹೊಲದಲ್ಲಿ ಗಡ್ಡೆ ಆಯುತ್ತಾರೆ. ಆಗೆಲ್ಲ ತುಂಬುತ್ತಿದ್ದದ್ದು ಮರದ ಪೀಪಾಯಿಗಳಿಗೆ. ನಮ್ಮಣ್ಣನ ಹೊಲದಲ್ಲಿ ಒಡೆಟ್ ಹತ್ತು ವರ್ಷದವಳಿದ್ದಾಗಲೇ ಪೀಪಾಯಿಯನ್ನು ಅಂಚಿನ ಮೇಲೆ ತಿರುಗಿಸಿಕೊಂಡು ಹೋಗುತ್ತಿದ್ದಳು. ಆ ಕೈ ಮರೆತಿರಲಿಲ್ಲ.

"ನೋಡ್ತಾ ನಿಂತಿದೀಯಲ್ಲ, ಇದರ ಕೆಳಗೆ ಏನಾದ್ರೂ ಒತ್ತು ಕೊಡು!"

ಮೂಲೆಯಲ್ಲಿ ಹಳೇ ಪೀಪಾಯಿಯ ಹಲಗೆಗಳು ಬಿದ್ದಿದ್ದವು. ಎರಡು ತಂದು ತುರುಕಿದೆ. ಪಂಪು ಇಳಿಸಿದರೆ ಬರೀ ಗಾಳಿ ಎಳೆಯಿತು.

"ಅಯ್ಯೋ ಚಿಕ್ಕಪ್ಪ, ಯಾವ ಕಡೆ ಕೊಟ್ಟೆ? ಈಗ ಅದು ಬಾಯಿಗೆ ಬೆನ್ನು ಹಾಕಿ ನಿಂತಿದೆ. ಬಾಯಿ ಇರೋ ಕಡೆಗೇ ವಾಲ್ಬೇಕು, ಕೊಳವೆ ಇಳಿಯೋ ಜಾಗದಲ್ಲೇ ಮಡು ನಿಲ್ಬೇಕು. ಮೂವತ್ತು ವರ್ಷದಿಂದ ಈ ಕಸುಬು ಮಾಡ್ತಿದೀಯಂತೆ!"

ಹಲಗೆಗಳನ್ನು ಆಚೆ ಬದಿಗೆ ಹಾಕಿದೆ. ಕೊಳವೆಯನ್ನು ಕೆಳಗಿನ ಮೂಲೆಯವರೆಗೆ ಇಳಿಸಿ, ಪಂಪನ್ನು ನಿಧಾನಕ್ಕೆ ಒತ್ತಿದೆ. ಒಂದು ಕ್ಷಣ ಗೊರ್ ಎಂದಿತು, ಆಮೇಲೆ ಪೈಪು ಭಾರವಾಯಿತು. ದ್ರವ ಬರುತ್ತಿತ್ತು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಮುಖವಾಡದೊಳಗೆ ಎರಡೂ ಯಾರಿಗೂ ಕಾಣಲಿಲ್ಲ.

ಆರೂ ತಳ ಬರಿದು ಮಾಡಿದೆವು. ಕೋಲು ಇಳಿಸಿ ಅಳೆದಳು. ಇಪ್ಪತ್ತೇಳಕ್ಕೆ ಅರ್ಧ ಹೆಚ್ಚು. ಕೆಂಪು ಮುಚ್ಚಿ ಬಿಗಿದೆ. ಈ ಸಲ ಸ್ಪ್ಯಾನರಿನಲ್ಲಿ, ಮೂರು ಸಲ. ಆಮೇಲೆ ಅವಳು ಗ್ಯಾರೇಜಿಗೆ ಹೋಗಿ ನೀಲಿಯನ್ನು ಮುಗಿಸಿದಳು. ನಾನು ಅಂಗಳದಲ್ಲಿ ಕೈಕಟ್ಟಿ ನಿಂತಿದ್ದೆ, ಒಳಗೆ ಇಣುಕಿದರೂ ಬೈಗುಳ.

ಹನ್ನೊಂದು ಗಂಟೆಗೆ ಲೊರೆಟ್‌ಳ ಆಲೂಗಡ್ಡೆ ಮನೆಯಲ್ಲಿ ಗನ್ನು ಹಿಡಿದೆ. ಯಂತ್ರಕ್ಕೆ ಹಚ್ಚಿದ ಎರಡೂ ಡ್ರಮ್ಮುಗಳನ್ನು ಒಡೆಟ್ ಬಾಯಿಯ ಕಡೆಗೇ ವಾಲಿಸಿಟ್ಟಿದ್ದಳು. ಒಂದೂವರೆ ಇಂಚಿನ ಒಂದು ಪದರ, ಅದು ಆರಿದ ಮೇಲೆ ಇನ್ನೊಂದು. ಪೂರ್ವದ ತುದಿಯಿಂದ ಶುರುಮಾಡಿ ಪಶ್ಚಿಮದ ಮೂಲೆಗೆ ಬರುವಾಗ ಮೂರು ಗಂಟೆ. ಕೊನೆಯ ಎರಡಡಿ ಇದೆ ಎನ್ನುವಾಗ ಗನ್ನು ಒಮ್ಮೆ ಉಗುಳಿತು. ಗಾಡಿಯ ಒಳಗಿಂದ ಒಡೆಟ್‌ಳ ಕೂಗು ಕೇಳಿತು: "ಹೊಡಿ, ಹೊಡಿ! ಇನ್ನೂ ಇದೆ, ತಬ್ಕೊಂಡಿದೀನಿ!" ಡ್ರಮ್ಮನ್ನು ಎದೆಗವಚಿಕೊಂಡು ಇನ್ನಷ್ಟು ಬಗ್ಗಿಸಿದ್ದಳಂತೆ. ಗನ್ನು ಮತ್ತೆ ಸಮವಾಯಿತು. ಮೂಲೆ ತುಂಬಿತು. ಆಮೇಲೆ ಬಂದದ್ದು ಬರೀ ಗಾಳಿ.

ಗುರುವಾರ ಮಧ್ಯಾಹ್ನ ಲೊರೆಟ್ ಗೋಡೆ ನೋಡಲು ಬಂದಳು. ಅವಳ ಆಳುಗಳು ಹೊರಗೆ ಲಾರಿ ಹಿಂದಕ್ಕೆ ತರುತ್ತಿದ್ದರು. ಒಡೆಟ್ ನನ್ನ ಪಕ್ಕೆಗೆ ತಿವಿದು ಆಚೆ ಹೋದಳು.

"ಲೊರೆಟ್, ಗಡ್ಡೆ ಒಳಗೆ ಬರೋ ಮುಂಚೆ ಒಂದ್ ಮಾತು. ಹಿಂದಿನ ಸಲ ಈ ಗೋಡೆಗೆ ನಾನು ಮೂರಿಂಚು ಹೊಡೀಲಿಲ್ಲ. ಒಂದೂ ಇರಲಿಲ್ಲ. ಸಾಮಾನು ಹಾಳುಮಾಡ್ಕೊಂಡಿದ್ದೆ. ರೆಮಿಗೆ ಸುಳ್ಳು ಹೇಳ್ದೆ. ಅದಕ್ಕೇ ಅದು ಬಿದ್ದಿದ್ದು."

ಅವಳು ನನ್ನನ್ನು ನೋಡಲಿಲ್ಲ. ಗೋಡೆಯ ಕಡೆಗೆ ತಿರುಗಿದಳು.

"ಹನ್ನೆರಡು ಚಳಿಗಾಲ," ಎಂದಳು. "ಪ್ರತಿ ನವೆಂಬರು ಆ ಮನುಷ್ಯ ಈ ಗೋಡೆ ಹೊರಗೆ ಉದ್ದಕ್ಕೂ ಹುಲ್ಲಿನ ಕಟ್ಟು ಜೋಡಿಸ್ತಿದ್ದ. ಸೊಂಟ ಹಿಡ್ಕೊಂಡ್ರೂ ಬಿಡ್ತಿರ್ಲಿಲ್ಲ. ಯಾಕೆ ಇದೊಂದಕ್ಕೇ ಅಂದ್ರೆ, ಉತ್ತರದ ಗಾಳಿ ಕಣೇ ಅನ್ನೋನು."

"ಅವನಿಗೆ ಗೊತ್ತಿತ್ತಾ?"

"ಗೋಡೆ ಮೇಲೆ ಕೈ ಇಟ್ರೆ ಗೊತ್ತಾಗಲ್ವೇನೋ? ನಿನ್ನ ಹೆಸರು ಒಂದ್ ದಿನ ಎತ್ಲಿಲ್ಲ. ನೀನು ಬರ್ತೀಯ ಅಂತ ಭಾನುವಾರ ಇಸ್ಪೀಟು ಎಲೆ ಒರೆಸಿಡೋನು."

ಒಂದೇ ಒಂದು ಸಲ ಅವನು ಬೈದಿದ್ದರೆ ನಾನು ಅಂದೇ ಗಾಡಿ ತರುತ್ತಿದ್ದೆ. ಅವನು ಬೈಯಲಿ ಎಂದು ನಾನು ಕಾದೆ, ನಾನೇ ಹೇಳಲಿ ಎಂದು ಅವನು ಕಾದಿರಬೇಕು.

ಲೊರೆಟ್ ಕೋಟಿನ ಜೇಬಿನಿಂದ ಉದ್ದನೆಯ ಮೊಳೆಯೊಂದನ್ನು ತೆಗೆದಳು. ಅದರ ಮೇಲೆ ಮೂರಿಂಚಿಗೆ ಗುರುತು ಹಾಕಿತ್ತು. "ಚುಚ್ಚು. ನನ್ನ ಕಣ್ಣ ಮುಂದೆ. ನಾನು ಹೇಳಿದ್ ಕಡೆ."

ಚುಚ್ಚಿದೆ. ಮೊಳೆ ಗುರುತಿನವರೆಗೆ ಇಳಿದು ಹಲಗೆಗೆ ತಾಗಿ ನಿಂತಿತು. ಮಧ್ಯದಲ್ಲಿ ಎಂದಳು, ಕೆಳಗೆ ಎಂದಳು, ಏಣಿ ಹತ್ತು ಎಂದಳು. ಎಲ್ಲ ಕಡೆ ಮೂರು. ಕೊನೆಗೆ ಪಶ್ಚಿಮದ ಮೂಲೆ ತೋರಿಸಿದಳು, ಒಡೆಟ್ ತಬ್ಬಿಹಿಡಿದ ಡ್ರಮ್ಮಿನ ತಳದ ದ್ರವ ಹೋಗಿ ಸೇರಿದ ಜಾಗ. ಅಲ್ಲಿ ಮಾತ್ರ ಮೊಳೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಚುಚ್ಚಿದಳು. ಮೂರು.

"ಹೂಂ," ಎಂದಳು. ಬಾಗಿಲಿಗೆ ಹೋಗಿ ಆಳುಗಳಿಗೆ ಕೂಗಿ ಹೇಳಿದಳು: "ತನ್ರೋ! ಉತ್ತರದ ಗೋಡೆಯಿಂದಾನೇ ಶುರುಮಾಡಿ!"

ಶುಕ್ರವಾರ ಬೆಳಿಗ್ಗೆ ನೆಲವೆಲ್ಲ ಬೆಳ್ಳಗಾಗಿತ್ತು. ಹೊರಗಿನ ಥರ್ಮಾಮೀಟರು ಹದಿನೇಳಕ್ಕೆ ಇಳಿದಿತ್ತು. ಒಡೆಟ್ ಮತ್ತು ನಾನು ಲೊರೆಟ್‌ಳ ಅಂಗಳಕ್ಕೆ ಬಂದಾಗ ಉತ್ತರದ ಗೋಡೆಯ ಹೊರಗೆ ಏನೂ ಇರಲಿಲ್ಲ. ಹುಲ್ಲಿನ ಕಟ್ಟುಗಳೆಲ್ಲ ದೂರ ಕೊಟ್ಟಿಗೆಯ ಪಕ್ಕದಲ್ಲೇ ಹಿಮ ಹೊದ್ದು ಬಿದ್ದಿದ್ದವು. ಅವಳು ಅವನ್ನು ಮುಟ್ಟಿರಲಿಲ್ಲ.

ಒಳಗೆ ಗಡ್ಡೆಯ ರಾಶಿ ಹೊಸ ಗೋಡೆಗೆ ಒರಗಿ ಮಣ್ಣಿನ ವಾಸನೆ ಬಿಡುತ್ತಿತ್ತು. ಪಶ್ಚಿಮದ ಮೂಲೆಯಲ್ಲಿ ಅದೇ ಮೊಳೆಗೆ ಅವಳು ಥರ್ಮಾಮೀಟರು ನೇತುಹಾಕಿದ್ದಳು. ನಲವತ್ತೆರಡು ತೋರಿಸುತ್ತಿತ್ತು. ಲೊರೆಟ್ ತಲೆಕೆಳಗಾಗಿ ಇಟ್ಟ ಬುಟ್ಟಿಯ ಮೇಲೆ ಕುಳಿತಿದ್ದಳು. ಬೆಣ್ಣೆ ಸವರಿ ಸುತ್ತಿದ ನಮ್ಮ ಕಡೆಯ ಬಿಸಿ ಪ್ಲೋಯ್ ರೊಟ್ಟಿಗಳ ತಟ್ಟೆ ಅವಳ ಮಡಿಲಲ್ಲಿತ್ತು. ಮೊದಲು ಒಡೆಟ್‌ಗೆ ಕೊಟ್ಟಳು, ಆಮೇಲೆ ನನಗೆ.

"ಗೋಡೆ ಮೇಲೆ ಕೈ ಇಟ್ಟು ನೋಡು," ಎಂದಳು.

ಇಟ್ಟೆ. ತಣ್ಣಗಿರಲಿಲ್ಲ.

"ಭಾನುವಾರ ಬಾ, ಇಸ್ಪೀಟಿಗೆ. ರೆಮಿ ಎಲೆಗಳನ್ನ ನಾನು ಒರೆಸಿಟ್ಟಿದೀನಿ. ಒಡೆಟ್‌ನೂ ಕರ್ಕೊಂಡ್ ಬಾ, ಮೂರು ಕೈಯಾಗತ್ತೆ."

"ಬರ್ತೀವಿ," ಎಂದೆ. ಕೈ ಇನ್ನೂ ಗೋಡೆಯ ಮೇಲೇ ಇತ್ತು.